ಕೆರೆ ದಂಡೆಯಲ್ಲಿ ಸಿಕ್ಕ, ವಾರಸುದಾರರಿಲ್ಲದ ಬಾಗಿನದ ಬಗ್ಗೆ

ಸಮರ್‌ಸೆಟ್, ಅಕ್ಟೋಬರ್ ೧೯೯೮

ಮಾನ್ಯ ಉದ್ಯಾನವನದ ಮೇಲಧಿಕಾರಿಗಳೇ,

ನಿಮ್ಮ ಕಚೇರಿಯ ದಾಖಲೆಯಲ್ಲಿ ಒಂದು ಸುಳ್ಳು ಸೇರಿಕೊಂಡಿದೆ. ಅದನ್ನು ತಿದ್ದಬೇಕೆಂದು ಕೇಳಲು ಈ ಪತ್ರ. ಸುಳ್ಳು ಹೇಳಿದವನು ನಾನೇ ಆದ್ದರಿಂದ ತಾವು ಬೇರೆ ಸಾಕ್ಷಿಗಳನ್ನು ಹುಡುಕಬೇಕಾಗಿಲ್ಲ.

ಮೊದಲು ನಿಮ್ಮ ಬೋರ್ಡಿನ ಮೇಲೆ ನನ್ನ ತಕರಾರು. ಬೆಟ್ಟಗಳ ನಡುವಿನ ಆ ಕೆರೆಯನ್ನು ಸುತ್ತುವ ದಾರಿಗೆ ‘ಸುಲಭ, ಒಂದೂವರೆ ಮೈಲಿ, ಕುಟುಂಬ ಸಮೇತ ನಡೆಯಲು ಯೋಗ್ಯ’ ಎಂದು ಬರೆಸಿದ್ದೀರಿ. ಮಗುವಿನ ಸ್ಟ್ರೋಲರ್ ಗಾಡಿ ತಳ್ಳಬಹುದೆಂದು ಚಿತ್ರ ಬೇರೆ. ನನ್ನಂಥ ಅಳಿಯಂದಿರಿಗೆ ಯೋಗ್ಯವೋ ಅಲ್ಲವೋ ಎಂದು ಇನ್ನೊಂದು ಸಾಲು ಬರೆಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಗೌರಿ ಹಬ್ಬ ಕಳೆದ ಮೇಲಿನ ಭಾನುವಾರ ನಾವು ಅಲ್ಲಿಗೆ ಬಂದೆವು. ನನ್ನ ಹೆಂಡತಿ ಹಂಸಾಗೆ ಏಳು ತಿಂಗಳು, ದಿನಾ ಸ್ವಲ್ಪ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಜೊತೆಗೆ ಐದು ವರ್ಷದ ಮಗಳು ನಿಧಿ, ಮತ್ತು ಬಾಣಂತನಕ್ಕೆಂದು ಮಂಡ್ಯದಿಂದ ಬಂದಿರುವ ನಮ್ಮತ್ತೆ ಚನ್ನಮ್ಮನವರು. ಸೀರೆಯ ಕೆಳಗೆ ಮಗಳ ಸ್ನೀಕರ್ಸ್ ತೊಟ್ಟುಕೊಂಡು ಅವರು ನಮ್ಮೆಲ್ಲರಿಗಿಂತ ಮುಂದೆ ನಡೆದರು. ಇಲ್ಲಿಗೆ ಬಂದ ಎರಡು ತಿಂಗಳಲ್ಲಿ ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

ಅರ್ಧ ದಾರಿಯಲ್ಲಿ, ನೀರಿಗೆ ಹತ್ತಿರದ ಚಪ್ಪಟೆ ಬಂಡೆಯ ಬಳಿ, ಅವರು ಚಿತ್ರಾನ್ನದ ಡಬ್ಬಿಯ ಕೆಳಗಿನಿಂದ ಒಂದು ಗಂಟು ತೆಗೆದರು. ಮೊರ ಸಿಗದ ಊರಲ್ಲಿ ಎರಡು ಪೇಪರ್ ಪ್ಲೇಟುಗಳನ್ನೇ ಒಂದರ ಮೇಲೊಂದು ಕವುಚಿ ದಾರ ಕಟ್ಟಿದ್ದರು. ಒಳಗೆ ಅರಿಶಿನ, ಕುಂಕುಮ, ಅಕ್ಕಿ, ಬೆಲ್ಲ, ರವಿಕೆ ಕಣ, ಹಂಸಾಳ ಸೀಮಂತಕ್ಕೆ ತಂದಿದ್ದ ಹಸಿರು ಬಳೆಗಳಲ್ಲಿ ಎರಡು.

“ಇದೇನತ್ತೆ, ಇಲ್ಲೆಲ್ಲ ಹಂಗೆ ಬಿಡೋ ಹಾಗಿಲ್ಲ,” ಎಂದೆ.

“ಕೆರೆ ಇಷ್ಟು ತುಂಬೈತೆ ಅಳಿಯಂದ್ರೆ. ಬಸುರಿ ಮಗಳನ್ನ ಕರ್ಕೊಂಡು ಬಂದು ಬರೀ ಕೈಲಿ ನೋಡ್ಕೊಂಡು ಹೋಗೋದಾ? ನೀರಿಗೆ ಹಾಕಾಕಿಲ್ಲ ಬುಡಿ, ಇಲ್ಲೇ ಇಡ್ತೀನಿ,” ಎಂದು ಬಂಡೆಯ ಮೇಲಿಟ್ಟು ಕೈ ಮುಗಿದರು.

ಆಗಲೇ ನಿಮ್ಮ ಸಿಬ್ಬಂದಿಯೊಬ್ಬರು ಬಂದರು. ಟೋಪಿ ತೆಗೆದು ವಂದಿಸಿ, ಬಂಡೆಯ ಕಡೆ ತೋರಿಸಿ, ಇದು ನಿಮ್ಮದೇ ಎಂದು ಕೇಳಿದರು.

ನಾನು ಹಗಲೆಲ್ಲ ಕುಳಿತು ಕಂಪ್ಯೂಟರುಗಳಿಗೆ ಎರಡು ಸಾವಿರದ ಇಸವಿಯನ್ನು ಕಲಿಸುವ ವೈ-ಟು-ಕೆ ಕೆಲಸದವನು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ದಿನಕ್ಕೊಂದು ಹೊಸ ಕಾನೂನು ಹುಟ್ಟುತ್ತದೆ. ಕಸ ಎಸೆದು ದಂಡದ ಚೀಟಿ ಪಡೆದವರ ಅರ್ಜಿ ತಿರಸ್ಕಾರವಾಗುತ್ತದೆ ಎಂಬುದು ಆ ವಾರದ್ದು. ನಾನು ‘ನೋ’ ಎಂದೆ. ಕೇಳದಿದ್ದರೂ ಇನ್ನೊಮ್ಮೆ ‘ನೋ, ನೋ’ ಎಂದೆ. ಬಾಗಿನವನ್ನು ಕಸವೆಂದು ಮೊದಲು ತೀರ್ಮಾನಿಸಿದವನು ನಿಮ್ಮ ಸಿಬ್ಬಂದಿಯಲ್ಲ, ನಾನು.

“ಬಟ್ ಡ್ಯಾಡಿ, ದಟ್ಸ್ ಅಜ್ಜೀಸ್,” ಎಂದಳು ನಿಧಿ. ಅವಳ ಭುಜ ಒತ್ತಿ ಬಾಯಿ ಮುಚ್ಚಿಸಿದೆ. ಹಂಸಾ ನೀರಿನ ಕಡೆ ಮುಖ ತಿರುಗಿಸಿದಳು.

ನಿಮ್ಮವರು ತಿಳಿದೂ ತಿಳಿಯದವರಂತೆ ನಕ್ಕರು. ಇದಕ್ಕೆ ದಂಡವೇನಿಲ್ಲ, ನಿಮ್ಮದಾಗಿದ್ದರೆ ಮನೆಗೆ ತೆಗೆದುಕೊಂಡು ಹೋಗಿ ಎನ್ನುತ್ತಿದ್ದೆ ಅಷ್ಟೆ, ಎಂದರು. ಆಗಲಾದರೂ ಒಪ್ಪಿಕೊಳ್ಳಬಹುದಿತ್ತಲ್ಲವೇ? ಒಪ್ಪಿಕೊಳ್ಳಲಿಲ್ಲ. ಅವರು ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ಚೀಟಿ ಕಟ್ಟಿ, ‘ವಾರಸುದಾರರಿಲ್ಲ’ ಎಂದು ಬರೆದುಕೊಂಡು ಹೋದರು.

ಕಾರಿನಲ್ಲಿ ಅತ್ತೆ ಕೇಳಿದರು: “ಆವಯ್ಯ ಏನಂದ್ರು?”

“ಕೆರೆ ಹೇಗಿದೆ ಅಂತ ಕೇಳಿದ್ರು, ಅಷ್ಟೆ.”

“ನೋ ಅಂದ್ರೆ ಏನು ಅಂತ ನಂಗೂ ಗೊತ್ತು ಅಳಿಯಂದ್ರೆ,” ಎಂದರು.

ಅಂದಿನಿಂದ ಅವರು ಮನೆಯಿಂದ ಹೊರಗೆ ಬಂದಿಲ್ಲ. ಕರೆದರೆ, “ನಾನ್ಯಾಕೆ, ನಿಮ್ಗೆ ಮುಜುಗರ,” ಎನ್ನುತ್ತಾರೆ. ಕೋಪದ ದನಿಯಲ್ಲ, ನನಗೆ ಅನುಕೂಲ ಮಾಡಿಕೊಡುವ ದನಿ. ನನಗೆ ನಾಚಿಕೆಯಾಗುತ್ತದೆ. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ನನ್ನ ಬೇಡಿಕೆ. ಆ ದಾಖಲೆಯನ್ನು ತಿದ್ದಿಸಿ. ವಾರಸುದಾರರು: ಚನ್ನಮ್ಮ. ಸ್ಥಳದಲ್ಲಿಯೇ ಇದ್ದರು. ಜೊತೆಗಿದ್ದ ಅಳಿಯ ಅಲ್ಲವೆಂದ. ಅಕ್ಕಿ ಬೆಲ್ಲ ಇರುವೆಗೆ ಹೋಗಿರಲಿ, ಬಳೆ ಉಳಿದಿದ್ದರೆ ವಾಪಸು ಕೊಡಿಸಿ. ಅತ್ತೆಯವರ ಜೊತೆಯಲ್ಲೇ ಬಂದು, ನನ್ನ ಹೆಸರು ಹೇಳಿ, ಸಹಿ ಹಾಕಿ ಪಡೆಯುತ್ತೇನೆ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ನಿಮ್ಮ ಫಾರಮ್ಮಿನಲ್ಲಿಯೂ ತುಂಬಿ ಕಳಿಸಿದ್ದೇನೆ. ನಮ್ಮ ಕನ್ನಡ ಸಂಘದ ಪತ್ರಿಕೆಯನ್ನು ತಾವು ಓದುವುದಿಲ್ಲವೆಂದು ಬಲ್ಲೆ. ಇಲ್ಲಿ ಅಚ್ಚು ಹಾಕಿಸುತ್ತಿರುವುದು, ಅದನ್ನು ಮೊದಲ ಪುಟದಿಂದ ಕೊನೆಯವರೆಗೂ ಓದುವವರೊಬ್ಬರು ನಮ್ಮ ಮನೆಯ ಸೋಫಾದ ಮೇಲೆ ಕನ್ನಡಕ ಹಾಕಿಕೊಂಡು ಕುಳಿತಿರುತ್ತಾರೆಂದು. ಎದುರಿಗೆ ಹೇಳಲು ನನಗಿನ್ನೂ ಧೈರ್ಯ ಬಂದಿಲ್ಲ. ಅತ್ತೆ, ತಪ್ಪಾಯಿತು.

ಇಂತಿ,
ಚನ್ನಮ್ಮನವರ ಅಳಿಯ (ಅವರು ಹೌದೆಂದರೆ),
ನವನೀತ್