ಹಣ್ಣು ತಂದವರು

ಮಾರ್ಚ್ 3, ಸೋಮವಾರ

ಬೆಳಗಿನಿಂದ ಫೋನು. ಎಡಗಿವಿ ಬಿಸಿಯಾದರೆ ಬಲಗಿವಿ. ಕೊನೆಯವರು ಒಬ್ಬ ನಿವೃತ್ತ ಗುಮಾಸ್ತರು. ಜ್ವರ ಇಳಿದು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಮಾತಿಗೆ ಹಸಿದಿದ್ದಾರೆ. ಕಳೆದ ತಿಂಗಳು ಏನೇನು ತಿಂದಿರಿ ಎಂದು ಕೇಳಿದರೆ, ಮದುವೆಯಾದಂದಿನಿಂದ ಹೆಂಡತಿ ಏನೇನು ಮಾಡಿ ಹಾಕಲಿಲ್ಲ ಎಂಬುದನ್ನು ಹೇಳಿದರು. ಅದಕ್ಕೆ ಫಾರಂನಲ್ಲಿ ಜಾಗವಿಲ್ಲ.

ನನ್ನ ಕೆಲಸವೇ ಇದು. ಆರೋಗ್ಯ ಇಲಾಖೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು. ತಿಂದದ್ದರಿಂದ ಕಾಯಿಲೆ ಬಿದ್ದವರಿಗೆ ಫೋನ್ ಮಾಡುವುದು. ಏನು ತಿಂದಿರಿ, ಎಲ್ಲಿ ಕೊಂಡಿರಿ ಎಂದು ಕೇಳುವುದು. ಎಲ್ಲರ ಉತ್ತರ ಪಕ್ಕಪಕ್ಕ ಇಟ್ಟರೆ ಒಂದು ಪದಾರ್ಥ ಎದ್ದು ಕಾಣಬೇಕು. ಈ ಸಲ ಕಾಣುತ್ತಿಲ್ಲ.

ಲಿಸ್ಟೀರಿಯಾ. ಫ್ರಿಜ್ಜಿನ ಚಳಿಗೂ ಸಾಯದ ರೋಗಾಣು. ಗಟ್ಟಿಮುಟ್ಟಾದವರಿಗೆ ನಾಲ್ಕು ದಿನದ ಮೈಕೈ ನೋವು. ವಯಸ್ಸಾದವರಿಗೆ, ಬಸುರಿಯರಿಗೆ ಯಮ. ಎಷ್ಟೋ ಸಲ ತಿಂದು ವಾರಗಳಾದ ಮೇಲೆ ತಲೆ ಎತ್ತುತ್ತದೆ — ಅಷ್ಟರಲ್ಲಿ ತಿಂದದ್ದು ಯಾರಿಗೆ ನೆನಪು?

ಮನೆಗೆ ಬಂದು ಇವರನ್ನು ಕೇಳಿದೆ, ಊಟ ಆಯಿತೇ ಎಂದು.

"ಯಾಕೆ, ನನ್ನ ಮೇಲೂ ಕೇಸ್ ಬಿತ್ತಾ?"

ಮದುವೆಯಾಗಿ ಇಷ್ಟು ವರ್ಷಕ್ಕೂ ಅದೇ ಜೋಕು. ಇವತ್ತು ನಗು ಬಂತು, ಯಾಕೋ.

ಮಾರ್ಚ್ 4, ಮಂಗಳವಾರ

ತೀರಿಕೊಂಡವರ ಮನೆಗೆ ಫೋನ್ ಮಾಡುವುದು ಇಂದಿಗೂ ರೂಢಿಯಾಗಿಲ್ಲ. ನಂಬರ್ ಒತ್ತುವ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ.

ಇವತ್ತು ಒಬ್ಬ ಹಳೆಯ ದರ್ಜಿ. ಹೆಂಡತಿ ಹೋದ ತಿಂಗಳು ತೀರಿಕೊಂಡರು. ಜ್ವರ, ತಲೆನೋವು, ಆಮೇಲೆ ಪ್ರಜ್ಞೆ ತಪ್ಪಿ ಆಸ್ಪತ್ರೆ. ರಕ್ತದಲ್ಲಿ ಲಿಸ್ಟೀರಿಯಾ.

"ಅವಳು ತಿಂದಿದ್ದನ್ನ ಈಗ ಲೆಕ್ಕ ಹಾಕಿ ಏನಮ್ಮ ಮಾಡ್ತೀರಾ?"

"ಇನ್ನೊಬ್ಬರಿಗೆ ಹೀಗೆ ಆಗಬಾರದು ಅಂತ, ಯಜಮಾನರೇ."

ಆಮೇಲೆ ಒಂದೊಂದಾಗಿ ಹೇಳಿದರು. ಬೆಳಿಗ್ಗೆ ಗಂಜಿ. ಬ್ರೆಡ್ಡು, ಅಂಚು ಕಿತ್ತು. ಮೊಟ್ಟೆ ವಾಸನೆ ಆಗುತ್ತಿರಲಿಲ್ಲ. ಹಾಲು ಕಾಯಿಸಿದ್ದೇ. ಹಣ್ಣು ಎಂದಾಗ ತಡೆದರು.

"ತಿಂದಿರಬೇಕು. ಬಾಯಾರಿಕೆ ಅಂತಿದ್ಲು. ಯಾವ ಹಣ್ಣು ಅಂತ ಸೊಸೆಯನ್ನ ಕೇಳ್ಬೇಕು, ಅವಳಿಗೇ ಗೊತ್ತು."

ಕೇಳಿಡಿ, ಮತ್ತೆ ಫೋನ್ ಮಾಡುತ್ತೇನೆ ಎಂದೆ. ಇಡುವ ಮೊದಲು ಅವರೇ ಕೇಳಿದರು, "ನಿಮ್ದು ಊಟ ಆಯ್ತೇನಮ್ಮ?" ದಿನವಿಡೀ ನಾನು ಕೇಳುವ ಪ್ರಶ್ನೆ, ನನ್ನನ್ನು ಯಾರೂ ಕೇಳುವುದಿಲ್ಲ.

ಮಾರ್ಚ್ 6, ಗುರುವಾರ

ಎದ್ದು ಕಂಡಿತು. ಕರಬೂಜ.

ಗುಮಾಸ್ತರೂ ತಿಂದಿದ್ದಾರೆ — ಹೆಂಡತಿ ತಂದಿದ್ದಂತೆ, ಅಂತೂ ಒಂದಾದರೂ ಹಾಕಿದ್ದಾಳೆ. ಇನ್ನಿಬ್ಬರು ಮುದುಕಿಯರೂ ತಿಂದಿದ್ದಾರೆ. ನಿನ್ನೆ ಆಸ್ಪತ್ರೆಗೆ ಸೇರಿದ ಒಬ್ಬ ಶಾಲಾ ಟೀಚರ್, ಏಳು ತಿಂಗಳ ಬಸುರಿ, ಅವಳೂ. ಎಲ್ಲರದ್ದೂ ಹೆಚ್ಚಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮಾರುವ ಹೋಳು. ಹಣ್ಣಿನ ಒರಟು ಸಿಪ್ಪೆಯ ಜಾಲರಿಯಲ್ಲಿ ಕೂತದ್ದು ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ಚಾಕು ಅದನ್ನು ಒಳಗೆ ಕರೆದೊಯ್ಯುತ್ತದೆ.

ಆದರೆ ಯಾವ ಕಂಪನಿಯದು? ಒಬ್ಬೊಬ್ಬರು ಒಂದೊಂದು ಅಂಗಡಿ ಹೇಳುತ್ತಾರೆ. ಡಬ್ಬಿ ಯಾರ ಹತ್ತಿರವೂ ಇಲ್ಲ. ಹೆಚ್ಚಿ ಡಬ್ಬಿಗೆ ತುಂಬುವ ಕಾರ್ಖಾನೆಗಳು ನಾಲ್ಕಿವೆ. "ನಾಲ್ಕನ್ನೂ ಮುಚ್ಚಿಸೋಕಾಗಲ್ಲ. ಒಂದನ್ನ ತೋರಿಸಿ," ಎಂದರು ಮೇಡಂ — ನಮ್ಮ ವಿಭಾಗದ ಡಾಕ್ಟರು.

ದರ್ಜಿಯವರಿಗೆ ಮತ್ತೆ ಫೋನ್ ಮಾಡಿದೆ. ಕರಬೂಜ ತಿಂದಿದ್ದರೇ ಎಂದೆ, ಹೆಚ್ಚಿದ್ದು, ಡಬ್ಬಿಯದು.

ಆ ಕಡೆ ಕುರ್ಚಿ ಎಳೆದ ಸದ್ದು.

"ಅದರಿಂದಾನಾ?"

"ಇರಬಹುದು. ಇನ್ನೂ ಗೊತ್ತಿಲ್ಲ."

"ಇಲ್ಲಮ್ಮ. ಹಣ್ಣೇ ತಿಂದಿಲ್ಲ ಅವಳು."

"ಮೊನ್ನೆ ಸೊಸೆಯನ್ನ ಕೇಳ್ಬೇಕು ಅಂದ್ರಿ..."

"ಅವಳನ್ನ ಕೇಳೋದು ಬೇಡ. ಪಾಪ, ಆಸ್ಪತ್ರೆಗೆ ಓಡಾಡಿ ಅರ್ಧ ಆಗಿದಾಳೆ. ತಿಂದಿಲ್ಲ ಅಂತ ಬರ್ಕೊಳ್ಳಿ."

ಬರೆದುಕೊಳ್ಳಲಿಲ್ಲ. ಮೊನ್ನೆ ಗೊತ್ತಿಲ್ಲದ್ದು ಇವತ್ತು ಇಷ್ಟು ಖಚಿತವಾಗಿ ಗೊತ್ತಾಯಿತು ಎಂದರೆ...

ಮಾರ್ಚ್ 7, ಶುಕ್ರವಾರ

ದರ್ಜಿಯವರ ಮನೆಗೆ ಹೋಗಿ ಬಂದೆ. ಲಿಫ್ಟಿಲ್ಲದ ಕಟ್ಟಡ, ಮೂರನೇ ಮಹಡಿ. ಬಾಗಿಲು ತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೈಯಲ್ಲಿ ಕೋಲು, ಮಂಡಿಗೆ ಪಟ್ಟಿ. ಸೊಸೆ ಕೆಲಸಕ್ಕೆ ಹೋಗಿದ್ದಳು — ಔಷಧಿ ಅಂಗಡಿಯಲ್ಲಿ ಕ್ಯಾಷಿಯರ್. ಮಗ ದೂರದೂರಿಗೆ ಬಸ್ ಓಡಿಸುವವನು, ವಾರಕ್ಕೊಮ್ಮೆ ಮನೆ ಕಾಣುವವನು. ಹೊಲಿಗೆ ಮಿಷನ್ನಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು.

ಅವರೇ ನೀರು ತಂದುಕೊಟ್ಟರು. ಕುಡಿದೆ. ಟೀಚರ್ ವಿಷಯ ಹೇಳಿದೆ. ಜ್ವರ ಇಳಿಯುತ್ತಿಲ್ಲ, ಮಗುವಿಗೆ ಅಪಾಯ, ಅಂಗಡಿಗಳಲ್ಲಿ ಡಬ್ಬಿಗಳು ಇನ್ನೂ ಇವೆ ಎಂದೆ. ಒತ್ತಾಯ ಮಾಡಲಿಲ್ಲ. ಅವರು ಮಿಷನ್ನಿನ ಬಟ್ಟೆಯ ಸುಕ್ಕನ್ನು ಬೆರಳಲ್ಲಿ ಒತ್ತುತ್ತಾ ಕೂತರು. ಒತ್ತಿದರು, ಮತ್ತೆ ಒತ್ತಿದರು.

"ತಿಂದ್ಲು," ಎಂದರು. "ನಾನೇ ತಂದೆ. ಹಾಗಂತ ಬರೀರಿ."

"ಎಲ್ಲಿಂದ?"

"ಇಲ್ಲೇ... ಮೂಲೆ ಅಂಗಡಿ."

ಬರೆದುಕೊಂಡೆ. ಕೋಲು ಕಣ್ಣೆದುರಿಗೇ ಇತ್ತು. ಮಂಡಿಯ ಪಟ್ಟಿ ಇತ್ತು. ಮೂರು ಮಹಡಿ ಹತ್ತಿ ನನಗೇ ಏದುಸಿರು ಬಂದಿತ್ತು. ಆದರೂ ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕಾಗ ಮರುಪ್ರಶ್ನೆ ನಾಲಗೆಗೆ ಬರುವುದಿಲ್ಲ.

ಮಾರ್ಚ್ 10, ಸೋಮವಾರ

ಇನ್‌ಸ್ಪೆಕ್ಟರುಗಳು ಮೂಲೆ ಅಂಗಡಿಗೆ ಹೋಗಿ ಬಂದರು. ಅಲ್ಲಿ ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣ. ಹೆಚ್ಚಿದ ಹಣ್ಣು ಅವನು ಎಂದೂ ಇಟ್ಟವನಲ್ಲ. ಅಂಗಡಿಯಲ್ಲಿ ಫ್ರಿಜ್ಜೇ ಇಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ವೀಕೆಂಡ್ ಪೂರ್ತಿ ಹೋಯ್ತು," ಎಂದರು ಅಷ್ಟೇ. ಈ ದಿನಗಳಲ್ಲಿ ಎಷ್ಟು ಡಬ್ಬಿ ಮಾರಿಹೋಯಿತೋ.

ದರ್ಜಿಯವರ ಮೇಲೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಸೊಸೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಾರೆ ಮುದುಕರು. ಹೆಂಡತಿಯನ್ನು ಕಳೆದುಕೊಂಡವರು, ಮನೆಯಲ್ಲಿ ಉಳಿದವಳನ್ನಾದರೂ ಉಳಿಸಿಕೊಳ್ಳೋಣ ಎಂದಿರಬೇಕು. ಆದರೆ ಟೀಚರ್ ಹೊಟ್ಟೆಯಲ್ಲಿರುವುದೂ ಒಂದು ಜೀವವೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು?

ಇವರಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ನಮ್ಮಮ್ಮನಿಗೆ ತಂದುಕೊಟ್ಟವಳು ನೀನಾಗಿದ್ರೆ ಹೇಳ್ತಿದ್ಯಾ?" ಎಂದರು.

ಹೇಳುತ್ತಿದ್ದೆ ಎಂದುಕೊಳ್ಳಲು ಇಷ್ಟ. ನಾಳೆ ಆ ಔಷಧಿ ಅಂಗಡಿಗೇ ಹೋಗಬೇಕು.

ಮಾರ್ಚ್ 11, ಮಂಗಳವಾರ

ಹೋಗಬೇಕಾಗಲಿಲ್ಲ. ಆಫೀಸು ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬಳು ಕೂತಿದ್ದಳು. ಅಂಗಡಿಯ ನೀಲಿ ಕೋಟು, ಮಡಿಲಲ್ಲಿ ಟವೆಲ್ ಸುತ್ತಿದ ಗಂಟು. ನನ್ನ ಹೆಸರು ಹಿಡಿದು ವಿಚಾರಿಸಿದಳು.

"ನಮ್ಮ ಮಾವ ನಿಮಗೆ ಸುಳ್ಳು ಹೇಳಿದಾರೆ," ಎಂದಳು. "ಮೆಟ್ಟಿಲು ಇಳಿಯೋದನ್ನೇ ಬಿಟ್ಟಿದಾರೆ ಅವರು. ಅವರೆಲ್ಲಿಂದ ಹಣ್ಣು ತರ್ತಾರೆ? ತಂದವಳು ನಾನು."

ಒಳಗೆ ಕೂರಿಸಿದೆ. ಗಂಟು ಬಿಚ್ಚಿದಳು. ಅರ್ಧ ಡಬ್ಬಿ ಕರಬೂಜ, ಕಲ್ಲಿನಂತೆ ಹೆಪ್ಪುಗಟ್ಟಿದ್ದು. ಅತ್ತೆ ಸ್ವಲ್ಪ ತಿಂದು ಸಾಕೆಂದರಂತೆ. ಕೆಟ್ಟುಹೋಗದಿರಲಿ, ಆಮೇಲೆ ಜ್ಯೂಸ್ ಮಾಡಿಕೊಡೋಣ ಎಂದು ಫ್ರೀಜರಿಗೆ ಹಾಕಿದ್ದಳು. ಆ ಆಮೇಲೆ ಬರಲಿಲ್ಲ. ಮುಚ್ಚಳದ ಮೇಲೆ ಕಂಪನಿಯ ಚೀಟಿ, ತಾರೀಕು, ಎಲ್ಲ ಹಾಗೇ ಇದೆ. ಅಂಗಡಿ — ದೊಡ್ಡ ಬಸ್ ನಿಲ್ದಾಣದ ಎದುರಿನದು.

ಕೈಗವಸು ಹಾಕಿಕೊಂಡು ಡಬ್ಬಿಯನ್ನು ಲ್ಯಾಬಿನ ಚೀಲಕ್ಕೆ ಇಳಿಸಿದೆ. ಅವಳು ಖಾಲಿ ಟವೆಲ್ಲನ್ನು ಮತ್ತೆ ಮಡಿಲಲ್ಲಿಟ್ಟುಕೊಂಡಳು. ಅದನ್ನೂ ಕೊಡಿ, ಸುಡಬೇಕು ಎಂದೆ. ಕೊಟ್ಟಳು.

"ನೀವು ಬಂದಿದ್ದು ಮಾವನಿಗೆ ಗೊತ್ತಾ?"

"ಇಲ್ಲ. ನೀವು ಮನೆಗೆ ಬಂದು ಹೋದ ವಿಷಯ ಪಕ್ಕದ ಮನೆಯವರು ಹೇಳಿದ್ರು. ಮಾವನ್ನ ಕೇಳಿದ್ರೆ ಕರೆಂಟಿನವರು ಅಂದ್ರು." ಕೋಟಿನ ಗುಂಡಿ ತಿರುಗಿಸುತ್ತಾ, "ಅವರು ನನ್ನ ಮುಚ್ಚಿಡ್ತಾ ಇದಾರೆ. ನಾನು ಅವರಿಗೆ ಗೊತ್ತಾಗದ ಹಾಗೆ ಬಿಚ್ಚಿಡ್ತಾ ಇದೀನಿ."

"ನಿಮ್ಮ ಯಜಮಾನರಿಗೆ?"

ಅಲ್ಲಿಯವರೆಗೆ ಅಳದವಳು ಆಗ ಅತ್ತಳು. "ಅವರಮ್ಮ ಹೋದಾಗ ಅವರು ಇನ್ನೂ ದಾರೀಲಿದ್ರು. ಬಂದ ಮೇಲೂ ಕಣ್ಣಲ್ಲಿ ಒಂದು ಹನಿ ಇಲ್ಲ. ಮಾತೂ ಇಲ್ಲ. ಇದೊಂದು ಗೊತ್ತಾದ್ರೆ... ಸೊಸೆ ಕೊಟ್ಟಿದ್ದು ತಿಂದು ಅತ್ತೆ ಹೋದ್ಲು. ಜನಕ್ಕೆ ಇಷ್ಟು ಸಾಕು, ರೆಕ್ಕೆಪುಕ್ಕ ಅವರೇ ಹಚ್ಕೊಳ್ತಾರೆ."

ಯಾರು ತಂದರು ಎಂದು ನಮ್ಮ ವರದಿಯಲ್ಲಿ ಬರೆಯುವುದಿಲ್ಲ, ಯಾವ ಅಂಗಡಿ ಎಂದಷ್ಟೇ ಎಂದೆ. ನಿಜವೇ. ಆದರೂ ಮನೆಯ ಮಟ್ಟಿಗೆ ಅದು ಎಷ್ಟು ದಿನದ ನಿಜ?

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಆ ಟೀಚರ್ ಹೇಗಿದಾರೆ?" ಪಕ್ಕದ ಮನೆಯವರು ಗೋಡೆಗೆ ಕಿವಿ ಇಟ್ಟು ಅದನ್ನೂ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ.

ಮಾರ್ಚ್ 19, ಬುಧವಾರ

ಬರೆಯಲು ಪುರುಸೊತ್ತಿರಲಿಲ್ಲ.

ಡಬ್ಬಿಯಲ್ಲಿ ಇದ್ದದ್ದೂ ರೋಗಿಗಳ ರಕ್ತದಲ್ಲಿ ಇದ್ದದ್ದೂ ಒಂದೇ. ಲ್ಯಾಬಿನವರು ತಾಳೆ ಹಾಕಿ ಹೇಳಿದರು. ಅದೇ ದಿನ ಸಂಜೆ ರೀಕಾಲ್ ಆದೇಶ. ಆ ಕಾರ್ಖಾನೆಯ ಡಬ್ಬಿಗಳನ್ನೆಲ್ಲ ಅಂಗಡಿಗಳಿಂದ ವಾಪಸ್ ತರಿಸಿದರು. ರೇಡಿಯೋದಲ್ಲಿ ಗಂಟೆಗೊಮ್ಮೆ ಹೇಳಿದರು: ಮನೆಯಲ್ಲಿದ್ದರೆ ತಿನ್ನಬೇಡಿ, ಎಸೆಯಿರಿ, ಫ್ರಿಜ್ ಒರೆಸಿ.

ಮೇಡಂ ಜೊತೆ ಕಾರ್ಖಾನೆಗೆ ಹೋಗಿದ್ದೆ. ಹೊರಗಿನಿಂದ ಆಸ್ಪತ್ರೆಯಂತೆ ಥಳಥಳ. ಒಳಗೆ ಹಣ್ಣು ತೊಳೆಯುವ ತೊಟ್ಟಿಯ ಕೆಳಗೆ ಒಂದು ಚರಂಡಿ ಬಾಯಿ, ನೀರು ನಿಂತಿತ್ತು. ಅದನ್ನು ಪೈಪಿನಿಂದ ರಭಸವಾಗಿ ತೊಳೆಯುತ್ತಿದ್ದರು. ಹನಿಗಳು ಸಿಡಿದು ಹೆಚ್ಚುವ ಮೇಜಿಗೆ. ಸ್ವಚ್ಛ ಮಾಡುತ್ತಿದ್ದೇವೆ ಎಂದುಕೊಂಡೇ ಮಾಡಿದ್ದು. ಮ್ಯಾನೇಜರ್ ನಮ್ಮ ಹಿಂದೆಯೇ ನಡೆದು ಬಂದ, ಮುಖ ಬಿಳಿಚಿತ್ತು. ಅವನ ಮನೆಯಲ್ಲೂ ಮಕ್ಕಳು ಅದೇ ಹಣ್ಣು ತಿಂದಿದ್ದಾರಂತೆ.

ಟೀಚರಿಗೆ ದಿನ ತುಂಬುವ ಮುನ್ನವೇ ಹೆರಿಗೆಯಾಯಿತು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿದೆ. ತಾನಾಗಿ ಉಸಿರಾಡುತ್ತಿದೆ ಎಂದರು. ಅದಕ್ಕಿಂತ ಹೆಚ್ಚು ಯಾರೂ ಹೇಳುತ್ತಿಲ್ಲ, ನಾನೂ ಕೇಳುತ್ತಿಲ್ಲ.

ಮಾರ್ಚ್ 22, ಶನಿವಾರ

ತೀರಿಕೊಂಡವರ ಮನೆಗಳಿಗೆ ಇಲಾಖೆ ಲಿಖಿತವಾಗಿ ತಿಳಿಸಬೇಕು. ದರ್ಜಿಯವರ ಮನೆಯ ಪತ್ರ ಮಗನ ಹೆಸರಿಗೆ — ಆಸ್ಪತ್ರೆಯ ದಾಖಲೆಯಲ್ಲಿ ಇರುವುದು ಅವನ ಹೆಸರು. "ನಿಮ್ಮ ಮನೆಯ ಫ್ರೀಜರಿನಿಂದ ಪಡೆದ ಮಾದರಿ" ಎಂದೇ ಶುರುವಾಗುತ್ತದೆ.

ಆ ಸಾಲು ತೆಗೆಯಬಹುದೇ ಎಂದು ಕೇಳಿದೆ. ಆಗದು ಎಂದರು ಮೇಡಂ. ಅವರು ಹೇಳಿದ್ದೂ ಸರಿಯೇ. ಹಾಗಿದ್ದರೆ ಅಂಚೆಗೆ ಹಾಕಬೇಡಿ, ನಾನೇ ಕೊಟ್ಟು ಬರುತ್ತೇನೆ ಎಂದೆ. ಸೊಸೆಗೆ ಫೋನ್ ಮಾಡಿ ಮೊದಲೇ ಹೇಳಿದೆ. ನಾಳೆ ಅವನು ಮನೆಯಲ್ಲಿರುತ್ತಾನಂತೆ.

"ಬನ್ನಿ," ಎಂದಳು. "ಎಷ್ಟು ದಿನ ಅಂತ."

ಮಾರ್ಚ್ 23, ಭಾನುವಾರ

ಮೂವರೂ ಇದ್ದರು. ಮಗ ದೊಡ್ಡ ಆಳು, ಮಾತು ಕಡಿಮೆ. ಪತ್ರವನ್ನು ನಿಧಾನಕ್ಕೆ ಓದಿದ, ಮತ್ತೆ ಮೇಲಿನಿಂದ ಓದಿದ. ನಾನು ಕಾರ್ಖಾನೆಯ ವಿಷಯ ಹೇಳಿದೆ — ತೊಟ್ಟಿ, ಚರಂಡಿ, ಪೈಪು. ತಿಂದವರದ್ದಲ್ಲ, ಕೊಂಡವರದ್ದಲ್ಲ, ತಪ್ಪು ನಡೆದದ್ದು ಅಲ್ಲಿ ಎಂದೆ. ಅವನು ತಲೆಯಾಡಿಸಿದ.

"ನಮ್ಮ ಫ್ರೀಜರಲ್ಲಿ ಇತ್ತಾ ಇದು?"

"ನಾನು ತಂದಿದ್ದು," ಎಂದರು ದರ್ಜಿ, ಪ್ರಶ್ನೆ ಮುಗಿಯುವ ಮೊದಲೇ.

"ಮಾವ, ಸಾಕು," ಎಂದಳು ಸೊಸೆ. ಮೆಲ್ಲಗೆ, ಮರ್ಯಾದೆಯಿಂದಲೇ. "ನಾನು ತಂದಿದ್ದು ರೀ. ನಾನೇ ತಿನ್ನಿಸಿದ್ದು."

ಮುದುಕರು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಎದ್ದು ಮಧ್ಯೆ ನಿಲ್ಲುವವರಂತೆ. ಮಗ ಪತ್ರ ಮಡಿಸಿದ. ಹೆಂಡತಿಯ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದ. ನನಗೆ ಆ ಕೋಣೆಯಲ್ಲಿ ಉಸಿರಾಡಲೂ ಸಂಕೋಚ.

"ಅಮ್ಮ ಕೇಳಿದ್ಲಾ?"

"ಕೇಳಿದ್ರು. ಬಾಯಿ ಒಣಗ್ತಿದೆ, ತಣ್ಣಗಿರೋದು ಏನಾದ್ರೂ ತಾ ಅಂದ್ರು."

"ತಿಂದ್ಲಾ?"

"ನಾಲ್ಕೈದು ಹೋಳು."

"ಚೆನ್ನಾಗಿದೆ ಅಂದ್ಲಾ?"

"ಸಿಹಿ ಇದೆ ಅಂದ್ರು. ನಿಮಗೂ ಒಂದಿಷ್ಟು ಎತ್ತಿಡು ಅಂದ್ರು."

ಅವನ ಭುಜ ಅಲುಗಿತು. ಶಬ್ದವಿರಲಿಲ್ಲ. ಅಂಗೈಯಿಂದ ಮುಖ ಒತ್ತಿಕೊಂಡು ಬಗ್ಗಿ ಕೂತ, ಅಷ್ಟು ದೊಡ್ಡ ಆಳು. ಅಪ್ಪ ಬೆನ್ನ ಮೇಲೆ ಕೈ ಇಟ್ಟರು. ಸೊಸೆ ಎದ್ದು ಬಂದು, ಮುಟ್ಟಬಹುದೋ ಬಾರದೋ ಎಂಬಂತೆ, ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅವನು ಕತ್ತೆತ್ತದೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ.

"ಹೇಳು," ಎಂದ. "ನಾನಿಲ್ಲದಾಗ ಏನೇನಾಯ್ತು, ಎಲ್ಲಾ ಹೇಳು. ಅವತ್ತು ಅವಳು ಎದ್ದಾಗಿಂದ."

ಎದ್ದು ಬಂದೆ. ಯಾರೂ ಗಮನಿಸಲಿಲ್ಲ, ಗಮನಿಸಬೇಕಾಗಿಯೂ ಇರಲಿಲ್ಲ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೆಟ್ಟಿಲು ಇಳಿಯುವಾಗಲೂ ಅವಳ ದನಿ ಕೇಳಿಸುತ್ತಿತ್ತು — ಎದ್ದ ತಕ್ಷಣ ಕಿಟಕಿ ತೆಗಿ ಅಂದ್ರು, ತೆಗೆದೆ, ಆಮೇಲೆ ನಿಮ್ಮ ಬಸ್ಸು ಎಲ್ಲಿಗೆ ಬಂದಿರಬಹುದು ಅಂತ ಕೇಳಿದ್ರು, ಆಮೇಲೆ...