ಶುಕ್ರವಾರಕ್ಕೆ ಉಳಿದ ಅರ್ಧ ಪದ್ಯ

ಡಯಾಲಿಸಿಸ್ ಕೇಂದ್ರದ ವ್ಯವಸ್ಥಾಪಕರಾದ ವೆಂಕಟಗಿರಿಯವರಿಗೆ ನಮಸ್ಕಾರ.

ಹೊಸ ಪಟ್ಟಿಯಲ್ಲಿ ನನ್ನನ್ನು ಮಧ್ಯಾಹ್ನಕ್ಕೆ ಹಾಕಿದ್ದೀರಿ. ದಯವಿಟ್ಟು ಬೆಳಗಿನ ಶಿಫ್ಟಿನಲ್ಲೇ, ಬೆಟ್ಟಯ್ಯನವರ ಪಕ್ಕದ ಹಾಸಿಗೆಯಲ್ಲೇ ಉಳಿಸಿ.

ಯುಗಾದಿಯ ಹೊತ್ತಿಗೆ ನಾನು ಚಿಕಿತ್ಸೆ ನಿಲ್ಲಿಸಿಬಿಡಲು ನಿರ್ಧರಿಸಿದ್ದೆ. ಮನೆಯಲ್ಲೂ ಹೇಳಿರಲಿಲ್ಲ. ಕೊನೆಯ ಸಲವೆಂದುಕೊಂಡು ಕೇಂದ್ರಕ್ಕೆ ಬಂದ ದಿನ ನನ್ನ ಕೈಯಲ್ಲಿದ್ದ ಕವನ ಸಂಕಲನ ನೋಡಿ, ನಿವೃತ್ತ ಬಸ್ ಕಂಡಕ್ಟರಾದ ಬೆಟ್ಟಯ್ಯನವರು ನನ್ನಿಂದ ಒಂದು ಪದ್ಯವನ್ನು ಗಟ್ಟಿಯಾಗಿ ಓದಿಸಿದರು. ಅರ್ಧಕ್ಕೆ ಬರುತ್ತಲೇ ತಡೆದರು.

"ಸಾಕು ತಾಯಿ, ನಿಲ್ಸಿ. ಉಳಿದಿದ್ದು ಶುಕ್ರವಾರ. ನೀವು ಬರ್ದೇ ಹೋದ್ರೆ ನಿಮ್ಮನೇಗೇ ಬಂದ್ಬಿಡ್ತೀನಿ, ಬಸ್ ಪಾಸ್ ಇದೆ ನನ್ನತ್ರ!"

ಶುಕ್ರವಾರ ಹೋದೆ. ಅದನ್ನು ಮುಗಿಸಿ, ಇನ್ನೊಂದು ಶುರುಮಾಡಿಸಿ, ಮತ್ತೆ ಅರ್ಧಕ್ಕೇ ನಿಲ್ಲಿಸಿದರು. ಹೀಗೇ ಏಳು ತಿಂಗಳು ಕಳೆದಿವೆ. ನಾನು ಯಾರಿಗೂ ಹೇಳದ ಮಾತು ಅವರಿಗೆ ಹೇಗೆ ಕೇಳಿಸಿತೋ ತಿಳಿಯದು.

ಮೊನ್ನೆ ಮಂಗಳವಾರದ ಪದ್ಯವೂ ಅರ್ಧಕ್ಕೇ ನಿಂತಿದೆ.

ಶುಕ್ರವಾರ ಬೆಳಿಗ್ಗೆ ಬರಲೇಬೇಕಾಗಿರುವ,
ಜ್ಯೋತಿಲಕ್ಷ್ಮಿ
ಆರ್‌ಪಿಸಿ ಲೇಔಟ್