ಕಳೆ ನೆಡಲು ಅನುಮತಿ ಕೋರಿ

ಕೆರೆಗಳನ್ನು ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಕೆರೆಯನ್ನು ಕೆಡಿಸಿದವರು ನಾವೇ. ನಿಮ್ಮ ಮಾತು ಕೇಳಿ ಕೆಡಿಸಿದೆವು. ಈಗ ಸರಿಪಡಿಸಲು ಬಿಡಿ ಎಂದು ಮೂರು ಸಲ ಅರ್ಜಿ ಕೊಟ್ಟರೂ ನಿಮ್ಮಿಂದ ಒಂದು ಸಾಲಿನ ಉತ್ತರ ಬಂದಿಲ್ಲ. ನಾಲ್ಕನೆಯದನ್ನು ನಾಲ್ಕು ಜನರಾದರೂ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಹಳಿಯಾಳ ತಾಲ್ಲೂಕಿನವಳು. ತೇರಗಾಂವದ ಆಚೆ ಒಂದು ಕೆರೆಯ ದಂಡೆಯಲ್ಲಿ ನಮ್ಮ ಏಳು ಸಿದ್ದಿ ಮನೆಗಳಿವೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ನಾವು ಕುಡಿಯುತ್ತಿದ್ದದ್ದು ಕೆರೆಯ ಪಕ್ಕದ ಒರತೆಯ ನೀರು. ಅಪ್ಪ ಬಸ್ತ್ಯಾಂವ ಹರೆಯದಲ್ಲಿ ತೋಡಿದ ಗುಂಡಿ ಅದು. ಕೆರೆಯ ನೀರೇ ಮಣ್ಣಿನಲ್ಲಿ ಸೋಸಿಕೊಂಡು ಅಲ್ಲಿಗೆ ಬರುತ್ತದೆ. ಕೆರೆ ಕೆಟ್ಟರೆ ಒರತೆಯೂ ಕೆಡುತ್ತದೆ ಎಂದು ತಿಳಿಯಲು ನಮಗೆ ತಜ್ಞರ ಸಮಿತಿ ಬೇಕಾಗಿರಲಿಲ್ಲ. ಬಟ್ಟೆ ಒಗೆಯುವ ಕಲ್ಲನ್ನು ನಮ್ಮ ಅಜ್ಜಿಯರು ದಂಡೆಯಿಂದ ಐವತ್ತು ಹೆಜ್ಜೆ ಮೇಲೆ, ಕೆಸುವಿನ ಹೊಂಡದ ಬದಿಗೆ ಹಾಕಿಸಿದ್ದರು. ಕೊಡ ಹೊತ್ತು ಸೊಂಟ ಬಿದ್ದುಹೋಗುತ್ತಿತ್ತು, ಆದರೆ ಸೋಪಿನ ನೀರು ಕೆರೆಗೆ ಇಳಿಯುತ್ತಿರಲಿಲ್ಲ. ದಂಡೆಯುದ್ದಕ್ಕೂ ಜೊಂಡು ಬೆಳೆದಿತ್ತು. ಚಾಪೆಗೆಂದು ಅದನ್ನು ಕೊಯ್ಯುವ ಮೊದಲು ಹಿರಿಯರಿಗೆ ಕಾಯಿ ಒಡೆಯುತ್ತಿದ್ದೆವು. ನಮ್ಮ ಮನೆಯವರು ಇಗರ್ಜಿಗೆ ಹೋಗುವವರು, ಪಕ್ಕದ ಮನೆಯ ಚಾಂದಬಿ ಮೌಶಿ ನಮಾಜು ಮಾಡುವವರು, ಆದರೆ ತೀರಿಹೋದ ಹಿರಿಯರು ಇಬ್ಬರಿಗೂ ಒಂದೇ. ಕುಡಗೋಲು ನೀರಿನ ಮೇಲಷ್ಟೇ ಆಡಬೇಕು. ಬೇರು ಹಿರಿಯರ ಪಾಲು, ಅದಕ್ಕೆ ಕೈ ಹಚ್ಚುವಂತಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ನಿಮ್ಮ ಫಲಕ ಬಂತು. ಕೆರೆ ಉಳಿಸಲು ದಂಡೆಯ ನಿವಾಸಿಗಳು ಪಾಲಿಸಬೇಕಾದ ಸೂಚನೆಗಳು ಹನ್ನೊಂದು. ಪ್ರವಾಸಿಗರಿಗೆ ಇದ್ದದ್ದು ಒಂದೇ ಸಾಲು: "ಹಾರ್ದಿಕ ಸ್ವಾಗತ." ನಮ್ಮ ಏಳನೆಯ ಸೂಚನೆ ಹೀಗಿತ್ತು: "ದಂಡೆಯ ಕಳೆಯನ್ನು ಬೇರುಸಹಿತ ಕಿತ್ತು ಸ್ವಚ್ಛವಾಗಿಡತಕ್ಕದ್ದು. ತಪ್ಪಿದಲ್ಲಿ ತೆರವು ಕ್ರಮ." ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದವಳು ನಾನು. ತೆರವು ಅಂದರೇನು ಎಂದು ಮೌಶಿ ಕೇಳಿದರು. ಮನೆ ಕೀಳುವುದು ಎಂದೆ.

ಅಪ್ಪ ಒಬ್ಬನೇ ಒಪ್ಪಲಿಲ್ಲ. "ಅದು ಕಳೆ ಅಲ್ಲ ಫ್ಲೇವಿ, ಜೊಂಡು. ಬೇರು ಕಿತ್ತರ ಮಣ್ಣು ಯಾರು ಹಿಡೀತಾರ? ಹೋಗಿ ಸಾಹೇಬ್ರಿಗೆ ಹೇಳಿ ಬಾ."

"ಸರಕಾರ ಬರದಿದ್ದೈತಿ ಅಪ್ಪಾ. ಓದಿದವ್ರು ಬರದಾರ. ನಿನಗಿಂತ ಹೆಚ್ಚು ಅವ್ರಿಗೆ ತಿಳಿತೈತಿ," ಅಂದೆ. ಈ ಮಾತು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಆರು ದಿನ, ಸೊಂಟದವರೆಗಿನ ನೀರಿನಲ್ಲಿ ನಿಂತು ಕಿತ್ತೆವು. ಕಾಯಿ ಒಡೆಯಲಿಲ್ಲ, ಒಡೆದು ಏನೆಂದು ಬೇಡಿಕೊಳ್ಳುವುದು? ನೀವು ಬಂದಿರಿ, ಬೋಳು ದಂಡೆಯನ್ನು ಮೆಚ್ಚಿದಿರಿ, ನನ್ನ ಕೈಗೆ "ಸ್ವಚ್ಛ ದಂಡೆ" ಪ್ರಶಸ್ತಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡಿರಿ. ಅದಕ್ಕೆ ಕಟ್ಟು ಹಾಕಿಸಿ ಅಂಗನವಾಡಿಯ ಗೋಡೆಗೆ ನೇತುಹಾಕಿದೆ. ಇನ್ನೂ ಅಲ್ಲೇ ಇದೆ.

ದಾಂಡೇಲಿಗೆ ಹೋಗುವ ಪ್ರವಾಸಿಗರು ನಮ್ಮಲ್ಲೂ ಇಳಿಯಲಿ ಎಂದು ಮೇಲಿನ ದಿಬ್ಬವನ್ನು ಅಗೆಸಿ ಗಾಡಿ ನಿಲ್ಲಿಸುವ ಜಾಗ ಮಾಡಿಸಿದಿರಿ. ಮೊದಲ ಮಳೆಗೆ ಅಲ್ಲಿಯ ಕೆಂಪು ಮಣ್ಣೆಲ್ಲ ತಡೆಯುವವರಿಲ್ಲದೆ ಕೆರೆಗೆ ಬಂತು. ಮೀನು ಸತ್ತು ತೇಲಿದವು. ದಸರೆಯ ಹೊತ್ತಿಗೆ ನೀರಿನ ಮೇಲೆ ಹಸಿರು ಕೆನೆ ಕಟ್ಟಿತು, ಒರತೆ ನಾರತೊಡಗಿತು. ಈಗ ಎರಡು ಮೈಲಿ ದೂರದ ಬೋರಿನಿಂದ ಕುಡಿಯುವ ನೀರು ಹೊರುತ್ತಿದ್ದೇವೆ.

ಒಂದು ಭಾನುವಾರ ಒಬ್ಬ ಪ್ರವಾಸಿ ಜೀಪನ್ನು ನೀರಿಗೇ ಇಳಿಸಿ ಸೋಪು ಹಚ್ಚಿ ತೊಳೆಯುತ್ತಿದ್ದ. ಬೇಡಪ್ಪಾ ಎಂದು ಅಪ್ಪ ಕೈ ಮುಗಿದರೆ ಆತ ನಗುತ್ತ ಫಲಕ ತೋರಿಸಿದ. "ಓದ್ರಿ ಅಜ್ಜಾರ. ಸೋಪು ಬ್ಯಾಡ ಅನ್ನೂದು ನಿಮಗ. ನಮಗ ಸ್ವಾಗತ ಅಂತ ಐತಿ." ಕೆಟ್ಟವನೇನಲ್ಲ, ಹೋಗುವಾಗ ಅಪ್ಪನಿಗೆ ಬಿಸ್ಕೀಟು ಕೊಟ್ಟು ಹೋದ. ಗಾಡಿಯನ್ನು ದೂರ ನಿಲ್ಲಿಸಿ, ತಂದ ತಟ್ಟೆ ಬಾಟಲಿ ವಾಪಸು ಒಯ್ಯಿರಿ, ಮೀನಿಗೆ ಬ್ರೆಡ್ಡು ಎಸೆಯಬೇಡಿ ಎಂದು ಅವನಿಗೂ ಮೂರು ಸಾಲು ಬರೆದಿದ್ದರೆ ಪಾಲಿಸುತ್ತಿದ್ದನೋ ಏನೋ. ಫಲಕದಲ್ಲಿ ಜಾಗ ಸಾಲಲಿಲ್ಲವೇ? ಗಲೀಜು ಮಾಡುವುದು ದಂಡೆಯವರ ಕೆಲಸ, ನೋಡಿ ಸಂತೋಷಪಡುವುದು ಬಂದವರ ಕೆಲಸ ಎಂದು ನೀವೇ ಹಂಚಿಬಿಟ್ಟಿದ್ದೀರಾ?

ನಾವು ಕಿತ್ತೆಸೆದ ರಾಶಿಯಿಂದ ಅಪ್ಪ ಒಂದು ತೆಕ್ಕೆ ಬೇರು ತಂದು ಬಚ್ಚಲ ನೀರು ಹೋಗುವ ಕೆಸರಿನಲ್ಲಿ ಹುಗಿದಿಟ್ಟಿದ್ದ. ನನಗೂ ಹೇಳಿರಲಿಲ್ಲ. ಚಿಗುರು ಕಂಡಾಗ ಗೊತ್ತಾಯಿತು. ಅದನ್ನು ದಂಡೆಗೆ ನೆಟ್ಟರೆ ಎರಡು ಮೂರು ವರ್ಷಕ್ಕೆ ಹಬ್ಬೀತು. ಆದರೆ ಈಗ ದಂಡೆಗೆ ನಿಮ್ಮ ತಂತಿಬೇಲಿ ಇದೆ, ಗೇಟು ಪ್ರವಾಸಿಗರ ಕಡೆಗಿದೆ, ಒಳಗೆ ಏನು ನೆಡಬೇಕಾದರೂ ನಿಮ್ಮ ಅನುಮತಿ ಬೇಕು. ನಿಮ್ಮ ಗುಮಾಸ್ತರು ನನ್ನ ಅರ್ಜಿಯನ್ನು ಎರಡು ಸಲ ಓದಿ ತಲೆ ಕೆರೆದುಕೊಂಡರು. "ಅಕ್ಕಾರ, ಕಳೆ ತೆಗೀಲಿಕ್ಕೆ ನಮೂನೆ ಐತ್ರಿ. ಹಚ್ಚಲಿಕ್ಕೆ ಇಲ್ಲ. ಮತ್ತ ನಿಮಗ ಪ್ರಶಸ್ತಿ ಬೇರೆ ಕೊಟ್ಟೇವಿ, ಅದನ್ನ ಏನ್ ಮಾಡೂಣು?" ಅವರನ್ನು ಬೈದು ಏನು ಪ್ರಯೋಜನ? ನಾನೂ ಬರೆದದ್ದನ್ನೇ ನಂಬಿದವಳು.

ಈ ಬೇಸಿಗೆಗೆ ಬಚ್ಚಲ ಕೆಸರು ಒಣಗಿದೆ, ಜೊಂಡು ಹಳದಿಯಾಗಿದೆ. ನಾನು ಹೊತ್ತು ತಂದ ನೀರಿನಲ್ಲಿ ಅಪ್ಪ ತನ್ನ ಕುಡಿಯುವ ಪಾಲನ್ನು ಅದಕ್ಕೆ ಹಾಕುತ್ತಾನೆ. ಎಂಬತ್ತರ ಮುದುಕ, ತುಟಿ ಒಡೆದಿವೆ. ಬೈದೆ. "ನಾ ಹೋದ ಮ್ಯಾಲೆ ಹಿರಿಯರು ಕೇಳ್ತಾರ ಫ್ಲೇವಿ, ನಮ್ಮ ಪಾಲು ಏನ್ ಮಾಡಿದ್ರಿ ಅಂತ. ಏನಂತ ಹೇಳ್ಲಿ?" ಅಂದ.

ಜೂನಿನ ಮಿರಗದ ಮಳೆ ಬೀಳುವ ಮೊದಲು ಜೊಂಡು ನೆಡಲು ಅನುಮತಿ ಕೊಡಿ. ಇಷ್ಟೇ ನಮ್ಮ ಬೇಡಿಕೆ. ಕೊಡಲಾಗದಿದ್ದರೆ ಯಾಕೆ ಆಗುವುದಿಲ್ಲ ಎಂಬುದನ್ನಾದರೂ ನಿಮ್ಮ ಸಹಿ ಹಾಕಿ ಬರೆದು ಕಳಿಸಿ. ಅಪ್ಪನ ಕಿವಿ ಮಂದ, ಗಟ್ಟಿಯಾಗಿ ಓದಿ ಹೇಳುತ್ತೇನೆ. ಹಿರಿಯರ ಮುಂದೆ ಹೇಳಲು ಅವನಿಗೊಂದು ಉತ್ತರ ಬೇಕಾಗಿದೆ.

ಇಂತಿ,
ನಿಮ್ಮ ಫಲಕವನ್ನು ನಂಬಿ ಓದಿದವಳು,
ಫ್ಲೇವಿಯಾ ಬಸ್ತ್ಯಾಂವ ಸಿದ್ದಿ,
"ಸ್ವಚ್ಛ ದಂಡೆ" ಪ್ರಶಸ್ತಿ ಪುರಸ್ಕೃತೆ